ಇಲಿ ಬಿದ್ದ ಸುದ್ದಿ

ಕೊಡಗಿನಲ್ಲಿ ಹೊಸದೊಂದು ಜ್ವರ ಕಾಣಿಸಿಕೊಂಡಿತೆಂದರೆ, ಅದನ್ನು ಕುಶಾಲನಗರದ ಸೇತುವೆ ದಾಟಿ ತೋಟದ ಕೆಲಸಕ್ಕೆ ಬಂದ ಕೂಲಿಯವನೇ ಹೊತ್ತು ತಂದನೆಂದು ನಿಶ್ಚಯಿಸಿ, ಅವನನ್ನು ಗಡಿಯಲ್ಲಿ ತಡೆದುಬಿಟ್ಟರೆ ನಾಡು ನಿರಾತಂಕವಾಗುವುದೆಂದು ನಂಬುವ ಸಜ್ಜನರು ನಮ್ಮಲ್ಲಿ ಇಂದಿಗೂ ಇದ್ದಾರೆ. ಪ್ಲೇಗಿನ ಚರಿತ್ರೆಯನ್ನು ಓದಿದವರಿಗೆ ಈ ನಂಬಿಕೆಯ ಟೊಳ್ಳುತನ ತಿಳಿಯದಿರದು.

ಆ ವ್ಯಾಧಿಯ ಮೂಲನಿವಾಸ ಮನುಷ್ಯನ ದೇಹವಲ್ಲ. ಬಿಲಗಳಲ್ಲಿ ವಾಸಿಸುವ ದಂಶಕಗಳ ದೇಹ. ಮಧ್ಯ ಏಷ್ಯದ ಇಸ್ಸಿಕ್-ಕುಲ್ ಸರೋವರದ ಸಮೀಪದಲ್ಲಿ 1338-39ರಲ್ಲಿ ಮಡಿದವರ ಗೋರಿಗಳಿಂದ ತೆಗೆದ ಹಲ್ಲುಗಳಲ್ಲಿ ಪ್ಲೇಗಿನ ರೋಗಾಣುವಿನ ಕುರುಹು ದೊರೆತುದನ್ನು ವಿದ್ವಾಂಸರು 2022ರಲ್ಲಿ ಪ್ರಕಟಿಸಿದರು. ಯೂರೋಪನ್ನು ಧ್ವಂಸಮಾಡಿದ ಮಹಾಮಾರಿಯ ಉಗಮ ಆ ಪ್ರಾಂತದಲ್ಲೇ ಎಂಬುದು ಅವರ ಅಭಿಮತ. ನಮ್ಮನ್ನು ಕಾಡಿದ ಪ್ಲೇಗಾದರೋ ಚೀನದ ಯುನ್ನಾನ್ ಪ್ರಾಂತದಿಂದ ಹೊರಟು, 1894ರಲ್ಲಿ ಹಾಂಗ್‌ಕಾಂಗನ್ನೂ, 1896ರಲ್ಲಿ ಮುಂಬಯಿಯ ಬಂದರಿಗೆ ಹೊಂದಿದ ಮಾಂಡ್ವಿಯ ಉಗ್ರಾಣಗಳನ್ನೂ ಸೇರಿ, ಅಲ್ಲಿಂದ ರೈಲುಹಾದಿ ಹಿಡಿದು ಹುಬ್ಬಳ್ಳಿಗೂ, 1898ರ ಆಗಸ್ಟಿನಲ್ಲಿ ಬೆಂಗಳೂರಿಗೂ, ಅದರ ಬೆನ್ನಲ್ಲೇ ಮೈಸೂರಿಗೂ ಬಂದೊದಗಿತು.

ಸರ್ಕಾರವು 1897ರ ಸಾಂಕ್ರಾಮಿಕ ರೋಗಗಳ ಕಾನೂನನ್ನು ಕೈಯಲ್ಲಿ ಹಿಡಿದು ಪ್ರಯಾಣಿಕರ ಕಂಕುಳು ತಡಕಿತು, ಮನೆಗಳನ್ನು ಹೊಕ್ಕು ಶೋಧಿಸಿತು. ಫಲವೇನು? ಜನ ರೋಗಿಗಳನ್ನು ಬಚ್ಚಿಟ್ಟರು. ಕಾವೇರಿ ನಮ್ಮಿಂದ ಹರಿದುಹೋಗಿ ಬಳಸುವ ಶ್ರೀರಂಗಪಟ್ಟಣದ ದ್ವೀಪದಲ್ಲೇ, ಗಂಜಾಮಿನಲ್ಲಿ, 1898ರ ನವೆಂಬರಿನಲ್ಲಿ ದಂಗೆಯೆದ್ದರು. ಅದೇ ವರ್ಷ ಕರಾಚಿಯಲ್ಲಿ ಫ್ರೆಂಚ್ ವೈದ್ಯ ಸೀಮೋಂಡ್, ಸತ್ತ ಇಲಿಯ ಮೈ ತಣ್ಣಗಾದೊಡನೆ ಅದನ್ನು ತೊರೆದು ಬೇರೊಂದು ಬಿಸಿರಕ್ತವನ್ನರಸುವ ಚಿಗಟವೇ ರೋಗವಾಹಕವೆಂದು ತೋರಿಸಿದ್ದನು. ದೊಡ್ಡವರು ಹಲವು ವರ್ಷ ಅವನ ಮಾತಿಗೆ ಕಿವಿಗೊಡಲಿಲ್ಲ. ಇತ್ತ ಮೈಸೂರು ಸೀಮೆಯ ರೈತರು, ಸೀಮೋಂಡನ ಹೆಸರನ್ನೂ ಕೇಳರಿಯದವರು, ಮನೆಯಲ್ಲಿ ಇಲಿ ಬಿದ್ದಿತೆಂದರೆ ಅಂದೇ ಗಂಟುಮೂಟೆ ಕಟ್ಟಿ ಊರಾಚೆಯ ಗುಡಿಸಲುಗಳನ್ನು ಸೇರುತ್ತಿದ್ದರು. ಆ ಕಾಲದ ಅತ್ಯಂತ ಯುಕ್ತವಾದ ಪ್ಲೇಗು ಶಾಸನ ಅದೇ ಎಂದು ನನ್ನ ಮತ.

ಕೊಡಗಿಗೆ ರೈಲು ಅಂದೂ ಬರಲಿಲ್ಲ, ಇಂದಿಗೂ ಬಂದಿಲ್ಲ. ನಮ್ಮ ಐನ್‌ಮನೆಗಳು, ಎಂದರೆ ಕುಲದ ಮೂಲಮನೆಗಳು, ಒಂದಕ್ಕೊಂದು ಅಂಟಿಕೊಳ್ಳದೆ ಗದ್ದೆಯ ಅಂಚಿನಲ್ಲಿ ಒಂದೊಂದಾಗಿ ನಿಂತವು. ಇದು ಭೂಗೋಳದ ಉಪಕಾರವೇ ಹೊರತು ನಮ್ಮ ಜಾಣ್ಮೆಯಲ್ಲ. ಅಲ್ಲದೆ, ಕಾಫಿಯ ಉಗ್ರಾಣಗಳೂ, ಒಂದೇ ಗೋಡೆಗೆ ಹತ್ತು ಸಂಸಾರಗಳು ಒರಗಿದ ಕೂಲಿಯವರ ಲೈನ್‌ಮನೆಗಳೂ ತಲೆಯೆತ್ತಿದ ಮೇಲೆ ಆ ಉಪಕಾರವೂ ಅರ್ಧ ಕರಗಿತು. ಇಲಿಗಳಿಗೆ ಇಂಥ ಎಡೆಗಳೇ ಇಷ್ಟ. ಪ್ರಾಣಿಗಳ ಸಾವು ಮುನ್ಸೂಚನೆಯೆಂಬುದಕ್ಕೆ ಪ್ಲೇಗೊಂದೇ ಸಾಕ್ಷಿಯಲ್ಲ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿಯೂ ಮಂಗಗಳು ಸತ್ತು ಬಿದ್ದುದೇ ಹೊಸ ರೋಗವೊಂದರ ಪತ್ತೆಗೆ ದಾರಿಯಾಯಿತು.

ಆದುದರಿಂದ ಕೂಲಿಯವನನ್ನು ಸೇತುವೆಯ ಬಳಿ ನಿಲ್ಲಿಸಿ ಅವಮಾನಿಸುವ ಉತ್ಸಾಹವನ್ನು ಬಿಟ್ಟು, ತೋಟದ ಯಜಮಾನರು ಲೈನ್‌ಮನೆಗಳ ಬಿರುಕುಗಳನ್ನು ಮುಚ್ಚಿಸಲಿ. ಇಲಿಯೋ ಮಂಗವೋ ಸತ್ತು ಬಿದ್ದ ಸುದ್ದಿಯನ್ನು ಯಾರು ತಂದರೂ, ಅವನು ಯಾವ ಊರಿನವನೆಂದು ಕೇಳದೆ, ಗ್ರಾಮ ಪಂಚಾಯಿತಿಗಳು ಅದನ್ನು ಬರೆದುಕೊಂಡು ಅಂದೇ ಆರೋಗ್ಯ ಕೇಂದ್ರಕ್ಕೆ ಮುಟ್ಟಿಸಲಿ.