ಬಾಣಂತಿಯರಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ತಡೆಯಲು ಕ್ರಮ ಕೋರಿ ಮನವಿ ಪತ್ರ

ಇವರಿಗೆ,
ಮಾನ್ಯ ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು,
ಬೆಂಗಳೂರು

ಇವರಿಂದ,
ಗ್ರಾಮೀಣ ಮಹಿಳಾ ಸ್ವಸಹಾಯ ಗುಂಪುಗಳ ಸದಸ್ಯೆಯರು

ವಿಷಯ: ಹೆರಿಗೆಯ ನಂತರದ ಆರು ವಾರಗಳಲ್ಲಿ ತಾಯಂದಿರ ನಿಗಾ ಕುರಿತು

ಮಾನ್ಯರೇ,

ಹೆರಿಗೆಯ ವೇಳೆ ರಕ್ತ ವಿಪರೀತ ಹೋಗದಿರಲೆಂದು ಗರ್ಭಿಣಿಯ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುವ ಗುಣ ಪಡೆದಿರುತ್ತದೆ. ಮಗು ಹುಟ್ಟಿದ ಮರುದಿನವೇ ಆ ಗುಣ ಹೋಗುವುದಿಲ್ಲ. ಅದರ ಮೇಲೆ ಸಿಸೇರಿಯನ್‌ ಗಾಯ, ಸೋಂಕು, ದಿನಗಟ್ಟಲೆ ಮಲಗಿರುವುದು ಸೇರಿದರೆ ಕಾಲಿನ ಅಭಿಧಮನಿಯಲ್ಲಿ ಹೆಪ್ಪು ಕಟ್ಟಬಹುದು. ಅದು ಕಳಚಿಕೊಂಡು ಶ್ವಾಸಕೋಶ ತಲುಪಿದರೆ ಜೀವಕ್ಕೇ ಅಪಾಯ.

ನಮ್ಮ ಕಡೆಯ ಇನ್ನೊಂದು ಕಾರಣವನ್ನು ಮುಚ್ಚಿಡದೆ ಹೇಳಬೇಕು. ಶೀತವಾಗುತ್ತದೆಂದು ಬಾಣಂತಿಗೆ ನೀರನ್ನು ಗುಟುಕಿನ ಲೆಕ್ಕದಲ್ಲಿ ಕೊಡುವ ರೂಢಿ ಹಲವು ಮನೆಗಳಲ್ಲಿದೆ. ಮೈಯಲ್ಲಿ ನೀರಿನಂಶ ಕಡಿಮೆಯಾದರೆ ರಕ್ತ ಗಟ್ಟಿಯಾಗುತ್ತದೆ. ಬಾಣಂತಿಯರ ಮಿದುಳಿನ ಅಭಿಧಮನಿಗಳಲ್ಲಿ ಹೆಪ್ಪು ಕಟ್ಟುವುದನ್ನೂ ಅದಕ್ಕೆ ಹೆಪಾರಿನ್ ಚಿಕಿತ್ಸೆ ಫಲಕಾರಿ ಎಂಬುದನ್ನೂ ನಿಮ್ಹಾನ್ಸ್ ವೈದ್ಯರು ದಶಕಗಳ ಹಿಂದೆಯೇ ದಾಖಲಿಸಿದ್ದಾರೆ. ಹಳ್ಳಿಯಲ್ಲಿ ಮಾತ್ರ ಈ ಹೆಪ್ಪಿನಿಂದ ಬಾಣಂತಿಗೆ ಫಿಟ್ಸ್ ಬಂದರೆ ಇಂದಿಗೂ ಸನ್ನಿ ಎನ್ನುತ್ತಾರೆ. ಬಿಡದ ತಲೆನೋವು ಬಂದರೆ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನದೆಂದು ಸುಮ್ಮನಾಗುತ್ತಾರೆ. ಅಜ್ಜಿಯರನ್ನು ದೂರಿ ಪ್ರಯೋಜನವಿಲ್ಲ. ಎಣ್ಣೆನೀರು, ಆರೈಕೆ, ತವರಿನ ವಿಶ್ರಾಂತಿ ಎಲ್ಲವೂ ಇರಲಿ. ನೀರಿನ ಪಥ್ಯವೊಂದು ಹೋಗಬೇಕು. ಇದನ್ನು ಬಾಣಂತಿಗಷ್ಟೇ ಹೇಳಿದರೆ ಸಾಲದು, ಮನೆಯಲ್ಲಿ ಲೋಟ ಅವಳ ಕೈಯಲ್ಲಿರುವುದಿಲ್ಲ. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ತಾಯಿ ಅಥವಾ ಅತ್ತೆಯನ್ನು ಕೂರಿಸಿಕೊಂಡು, ಬಾಯಾರಿದಷ್ಟೂ ನೀರು ಕೊಡಿ, ದಿನಕ್ಕೆ ಹಲವು ಸಲ ಎದ್ದು ಓಡಾಡಿಸಿ ಎಂದು ವೈದ್ಯರೇ ಹೇಳುವಂತೆ ಆದೇಶಿಸಬೇಕು.

ಆಶಾ ಕಾರ್ಯಕರ್ತೆಯರು 42ನೇ ದಿನದವರೆಗೆ ಮನೆಗೆ ಬರುತ್ತಾರೆ. ಅವರ ಗಮನ ಹೆಚ್ಚಾಗಿ ಶಿಶುವಿನ ಮೇಲೆ. ತಾಯಿಗೂ ಮೂರು ಪ್ರಶ್ನೆ ಕಡ್ಡಾಯವಾಗಲಿ: ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದೆಯೇ? ಏದುಸಿರು, ಎದೆನೋವು ಇದೆಯೇ? ಬಿಡದ ತಲೆನೋವು, ವಾಂತಿ, ಕಣ್ಣು ಮಂಜಾಗುವುದು, ಕೈಕಾಲು ಸೋಲುವುದು ಕಂಡಿದೆಯೇ? ಒಂದಕ್ಕಾದರೂ ಹೌದೆಂದರೆ ಅಂದೇ 108 ವಾಹನ ಬರಬೇಕು. ಡಾಪ್ಲರ್ ಅಥವಾ ಸ್ಕ್ಯಾನಿಂಗ್ ಇಲ್ಲದ ಆಸ್ಪತ್ರೆಗೆ ಒಯ್ದು, ಅಲ್ಲಿಂದ ಇನ್ನೊಂದಕ್ಕೆ ಕಳಿಸುವ ಅಲೆದಾಟದಲ್ಲಿ ಅಮೂಲ್ಯ ಗಂಟೆಗಳು ಕಳೆಯುತ್ತವೆ. ಹಾಗಾಗಿ ಯಾವ ತಾಲ್ಲೂಕಿನವರು ನೇರವಾಗಿ ಎಲ್ಲಿಗೆ ಹೋಗಬೇಕೆಂಬುದನ್ನು ಇಲಾಖೆ ಮೊದಲೇ ನಿಗದಿಪಡಿಸಲಿ.

ಹಿಂದೆ ಹೆಪ್ಪು ಕಟ್ಟಿದ್ದವರು, ಸ್ಥೂಲಕಾಯದವರು, 35 ದಾಟಿದವರು, ತುರ್ತು ಸಿಸೇರಿಯನ್ ಆದವರು, ಹೆಚ್ಚು ರಕ್ತ ಕಳೆದುಕೊಂಡವರು ಯಾರೆಂದು ತಾಯಿ ಕಾರ್ಡಿನಲ್ಲಿ ಗುರುತಿಸಬೇಕು. ವೈದ್ಯರು ಅಗತ್ಯವೆಂದರೆ ಹೆಪಾರಿನ್ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಯಲ್ಲೇ ಉಚಿತವಾಗಿ ಸಿಗಬೇಕು. ಮೊಲೆಯೂಡಿಸುವವರಿಗೂ ಇದನ್ನು ಕೊಡಬಹುದು ಎಂಬುದನ್ನು ಸಿಬ್ಬಂದಿಗೆ ತಿಳಿಸಿರಬೇಕು, ಏಕೆಂದರೆ ಮನೆಯವರು ಕೇಳುವ ಮೊದಲ ಪ್ರಶ್ನೆಯೇ ಅದು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳನ್ನು ಈ ಆರು ವಾರಗಳಲ್ಲಿ ಯಾರಿಗೂ ಕೊಡದಂತೆಯೂ ಸೂಚಿಸಬೇಕು.

ತಾಯಂದಿರ ಮರಣ ಪರಿಶೀಲನೆಯಲ್ಲಿ ರಕ್ತ ಹೆಪ್ಪುಗಟ್ಟಿ ಆದ ಸಾವುಗಳನ್ನು ಜಿಲ್ಲಾವಾರು ಪ್ರತ್ಯೇಕವಾಗಿ ಪ್ರಕಟಿಸಬೇಕೆಂದೂ, ಮೇಲಿನ ಬೇಡಿಕೆಗಳ ಮೇಲೆ ಕೈಗೊಂಡ ಕ್ರಮವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದೂ ವಿನಂತಿಸುತ್ತೇವೆ.


ತಮ್ಮ ವಿಶ್ವಾಸಿಗಳು,
ಗುಂಪುಗಳ ಸದಸ್ಯೆಯರ ಪರವಾಗಿ
(ಸಹಿಗಳು)