ಒಣ ಬಂಡೆ ತೋರಿಸೋಣ, ಷರತ್ತು ಹಾಕಿ ತೋರಿಸೋಣ

ಹೋದ ವರ್ಷ ಉತ್ತರಿ ಮಳೆ ಹಿಡಿದುಕೊಂಡಿದ್ದ ಒಂದು ಬೆಳಗ್ಗೆ ಆನೆಗೊಂದಿ ಹತ್ತಿರದ ಚಹಾದಂಗಡಿಯಲ್ಲಿ ನಿಂತಿದ್ದೆ. ಬೆನ್ನಿಗೆ ದಪ್ಪ ಗಾದಿ ಕಟ್ಟಿಕೊಂಡ ಮೂವರು ಹುಡುಗರು ಆಟೋ ಇಳಿದು ಬಂದರು. ಬಂಡೆ ಹತ್ತಲೆಂದು ಬೆಂಗಳೂರಿನಿಂದ ರಜೆ ಹಾಕಿ ಬಂದವರು. ಬಂದ ದಿನದಿಂದ ಮಳೆ ಬಿಟ್ಟಿರಲಿಲ್ಲ. ಕುರಿ ಹೊಡೆದುಕೊಂಡು ಹೊರಟಿದ್ದ ಹಿರಿಯರೊಬ್ಬರು ಚಹಾ ಕುಡಿಯುತ್ತಿದ್ದರು. ಅವರನ್ನೇ ಕೇಳಿದರು: "ಅಜ್ಜಾರೆ, ಮಳೆಗೆ ನೆನೆಯದ ಬಂಡೆ ಇಲ್ಲಿ ಎಲ್ಲಿದೆ?"

ಅಜ್ಜ ನಕ್ಕರು. "ಕುರಿ ಹಿಕ್ಕಿ ಎಲ್ಲಿ ಒಣಗಿರ್ತಾವ, ಅಲ್ಲಿ ಮಳಿ ಬರಂಗಿಲ್ಲ ತಮ್ಮಾ. ಆದ್ರ ಅಲ್ಲಿ ನಾವು ಇರ್ತೀವಿ."

ಹುಡುಗರು ಮೊದಲನೇ ಮಾತು ಕೇಳಿಸಿಕೊಂಡು ಹೊರಟರು. ನಾನು ಬರೆಯುತ್ತಿರುವುದು ಎರಡನೇ ಮಾತಿನ ಬಗ್ಗೆ.

ಗಾದಿ ಹೊತ್ತವರನ್ನು ಹಂಪಿ, ಆನೆಗೊಂದಿ, ಸಾಣಾಪುರದ ಸುತ್ತಲಿನವರು ಎಷ್ಟೋ ವರ್ಷಗಳಿಂದ ನೋಡುತ್ತಿದ್ದಾರೆ. ಈ ಆಟಕ್ಕೆ ಬೌಲ್ಡರಿಂಗ್ ಎನ್ನುತ್ತಾರೆ. ಹಗ್ಗ ಇಲ್ಲದೆ, ಬರಿಗೈಯಲ್ಲಿ, ಹೆಚ್ಚು ಎತ್ತರವಲ್ಲದ ಗುಂಡುಕಲ್ಲು ಹತ್ತುವುದು. ಬಿದ್ದರೆ ಪೆಟ್ಟಾಗದಿರಲಿ ಎಂದು ಕೆಳಗೆ ಗಾದಿ ಹಾಸುವುದು. ಬೆವರು ಹೀರಲು ಕೈಗೆ ಬಿಳಿ ಪುಡಿ ಹಚ್ಚಿಕೊಳ್ಳುವುದು. 2003ರಲ್ಲಿ ಅಮೆರಿಕದ ಕ್ರಿಸ್ ಶರ್ಮಾ ಹಂಪಿಯ ಬಂಡೆ ಹತ್ತಿದ 'ಪಿಲ್ಗ್ರಿಮೇಜ್' ಎಂಬ ಚಿತ್ರ ಬಂದ ಮೇಲೆ ನಮ್ಮ ಗುಂಡುಗಳ ಹೆಸರು ದೇಶ ದೇಶಕ್ಕೆ ಹೋಯಿತು. ಬರುವವರು ಹೆಚ್ಚಾಗಿ ಬರುವುದು ನವೆಂಬರ್‌ನಿಂದ ಫೆಬ್ರವರಿವರೆಗೆ, ಚಳಿಗಾಲದಲ್ಲಿ. ಆದರೆ ನಗರದ ಹುಡುಗರಿಗೆ ರಜೆ ಸಿಕ್ಕಾಗಲೇ ಕಾಲ. ಹಾಗಾಗಿ ಮಳೆಗಾಲದಲ್ಲೂ ಬರುತ್ತಾರೆ, ಒಣ ಬಂಡೆ ಕೇಳುತ್ತಾರೆ. ನಮ್ಮೂರ ಹುಡುಗರೂ ಈಗ ಹತ್ತಲು ಕಲಿತಿದ್ದಾರೆ.

ಒಣ ಬಂಡೆ ಹುಡುಕುವುದು ಒಂದು ವಿದ್ಯೆ. ಕುರಿ ಕಾಯುವವರಿಗೆ ಅದು ಮೈಗೂಡಿದೆ. ಅವರ ಜೊತೆ ಅಡ್ಡಾಡಿ ನಾನು ತಿಳಿದುಕೊಂಡಿದ್ದನ್ನು ಹೇಳುತ್ತೇನೆ.

ಮೊದಲು ನೆಲ ನೋಡಬೇಕು. ಮುಂದಕ್ಕೆ ಚಾಚಿದ ಬಂಡೆಯ ಅಂಚಿನಿಂದ ಹನಿ ಬಿದ್ದು ಬಿದ್ದು ಕೆಳಗೆ ಸಣ್ಣ ಗುಳಿಗಳ ಸಾಲು ಆಗಿರುತ್ತದೆ. ಆ ಸಾಲಿನ ಒಳಗೆ ಮಣ್ಣು ಧೂಳಾಗಿದ್ದರೆ, ಹಿಕ್ಕೆ ಒಣಗಿದ್ದರೆ, ಅಲ್ಲಿ ಮಳೆ ಬರುವುದಿಲ್ಲ.

ಆಮೇಲೆ ಬಂಡೆಯ ಮೈ ನೋಡಬೇಕು. ಮೇಲಿನಿಂದ ಇಳಿದ ಕಪ್ಪು ಪಟ್ಟೆಗಳು ನೀರು ಹರಿಯುವ ದಾರಿ. ಬೇಸಿಗೆಯಲ್ಲಿ ಅವು ಒಣಗಿದ್ದರೂ ಮಳೆ ಬಂದ ಕೂಡಲೇ ಅಲ್ಲೇ ನೀರು ಇಳಿಯುತ್ತದೆ. ಒಂಟಿಯಾಗಿ ನಿಂತ ಗುಂಡು ಮಳೆ ನಿಂತು ಗಾಳಿ, ಬಿಸಿಲು ಬಿದ್ದರೆ ಬೇಗ ಆರುತ್ತದೆ. ಗುಡ್ಡಕ್ಕೆ ಅಂಟಿಕೊಂಡ ಬಂಡೆ ಹಾಗಲ್ಲ. ಮಳೆ ಬಿಟ್ಟು ಎರಡು ಮೂರು ದಿನವಾದರೂ ಸಂದಿಯಿಂದ ನೀರು ಜಿನುಗುತ್ತಲೇ ಇರುತ್ತದೆ.

ಗಾಳಿಯ ದಿಕ್ಕೂ ಲೆಕ್ಕಕ್ಕೆ ಬರುತ್ತದೆ. ಮುಂಗಾರಿನಲ್ಲಿ ಗಾಳಿ ಪಡುವಣದಿಂದ, ನೈಋತ್ಯದಿಂದ ಬೀಸುತ್ತದೆ. ಮೂಡಣಕ್ಕೆ ಮುಖ ಮಾಡಿದ ಚಾಚುಬಂಡೆಗೆ ಎರಚಲು ಕಡಿಮೆ. ಹಿಂಗಾರು ಈಶಾನ್ಯದಿಂದ ಬರುವಾಗ ಈ ಲೆಕ್ಕ ತಿರುವುಮುರುವು. ಎರಡು ಕಾಲಕ್ಕೂ ಒಂದೇ ಬಂಡೆ ಆಗಿಬರುವುದಿಲ್ಲ.

ಕೊನೆಗೆ ನೆತ್ತಿ. ಇಲ್ಲಿಯೇ ಹೊಸಬರು ಮೋಸ ಹೋಗುವುದು. ಚಾಚುಬಂಡೆಯ ಹೊಟ್ಟೆ ಒಣಗಿರುತ್ತದೆ, ಹತ್ತುತ್ತಾರೆ. ನೆತ್ತಿ ಮಳೆಯಲ್ಲಿ ನೆಂದು ಪಾಚಿಗಟ್ಟಿರುತ್ತದೆ. ಮೇಲೆ ಹೋಗುವ ಹಾಗಿಲ್ಲ, ಕೆಳಗೆ ಇಳಿಯುವ ಹಾಗಿಲ್ಲ. ಇಳಿಯುವ ದಾರಿ ನೋಡಿಕೊಳ್ಳದೆ ಮಳೆಗಾಲದಲ್ಲಿ ಯಾರೂ ಬಂಡೆಗೆ ಕೈ ಹಾಕಬಾರದು. ಇನ್ನು ಆಳದ ಗವಿಗಳು ಮಳೆ ಬೀಳದಿದ್ದರೂ ತೇವದ ಗಾಳಿಗೆ ಬೆವರುತ್ತವೆ. ಕಣ್ಣಿಗೆ ಒಣಗಿದಂತೆ ಕಂಡರೂ ಕೈ ಜಾರುತ್ತದೆ.

ಇಷ್ಟು ವಿದ್ಯೆ ಯಾರಿಗೆ ಬೇಕಾದರೂ ಹೇಳಿಕೊಡಬಹುದು. ಕಷ್ಟ ಇರುವುದು ಇದರ ನಂತರ. ಮಳೆಗೆ ನೆನೆಯದ ಜಾಗ ಬೇಕಾಗಿರುವುದು ಗಾದಿಯವರಿಗೆ ಮಾತ್ರ ಅಲ್ಲ. ಅಂಥ ಜಾಗ ಬಹಳ ಸಲ ಖಾಲಿ ಇರುವುದಿಲ್ಲ. ಅಲ್ಲಿ ಮೊದಲೇ ಯಾರೋ ಇರುತ್ತಾರೆ.

ಕುರಿ, ಕುರಿಗಾಹಿ ಇರುತ್ತಾರೆ. ಜಡಿಮಳೆಯಲ್ಲಿ ಮರಿಗಳನ್ನು ಉಳಿಸಿಕೊಳ್ಳಲು ಅವರಿಗೆ ಇರುವುದು ಅದೊಂದೇ ಸೂರು. ಅಲ್ಲಿ ನಾಲ್ಕು ಗಾದಿ ಹಾಸಿ, ಪಾಟು ಹಚ್ಚಿಕೊಂಡು ಕುಳಿತರೆ ಹಿಂಡು ಹೊರಗೆ ನೆನೆಯಬೇಕು.

ಹೆಜ್ಜೇನು ಇರುತ್ತದೆ. ಚಾಚುಬಂಡೆಯ ಅಡಿಯಲ್ಲೇ ಅದು ತಟ್ಟಿ ಕಟ್ಟುವುದು. ಕೆಳಗೆ ಕೂಗಾಡಿದರೆ, ಹೊಗೆ ಎಬ್ಬಿಸಿದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಕರಡಿ ಇರುತ್ತದೆ. ಹೊಳೆಯ ಆಚೆ ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಆಯಿತು. ಆದರೆ ಕರಡಿ ಬೇಲಿ ನೋಡಿ ತಿರುಗುವುದಿಲ್ಲ. ಹಗಲು ಬಂಡೆ ಸಂದಿಯಲ್ಲಿ ಮಲಗುತ್ತದೆ, ಸಂಜೆ ಮೇಯಲು ಹೊರಡುತ್ತದೆ. ಒಣ ಗವಿ ಅಂತ ಟಾರ್ಚ್ ಬಿಟ್ಟು ಒಳಗೆ ಹೋದವರು ಅದರ ಮಲಗುವ ಮನೆಗೇ ಹೋದ ಹಾಗೆ.

ಇನ್ನು ಚಿತ್ರಗಳು. ಗಂಗಾವತಿ ತಾಲೂಕಿನ ಹಿರೇಬೆಣಕಲ್ ಗುಡ್ಡದಲ್ಲಿ ಕಲ್ಲಿನ ಚಪ್ಪಡಿ ನಿಲ್ಲಿಸಿ ಕಟ್ಟಿದ ಹಳೆಯ ಸಮಾಧಿಗಳಿವೆ. ನಮ್ಮ ಜನ ಅವನ್ನು ಮೋರ್ಯರ ಮನೆಗಳು ಅನ್ನುತ್ತಾರೆ. 2021ರಲ್ಲಿ ಈ ಜಾಗ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಅದೇ ಗುಡ್ಡದ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಮನುಷ್ಯರು, ಪ್ರಾಣಿಗಳು ಇವೆ. ಬಾದಾಮಿ ಹತ್ತಿರದ ಸಿಡಿಲಫಡಿಯಲ್ಲೂ ಇತಿಹಾಸಪೂರ್ವ ಕಾಲದ ಚಿತ್ರಗಳಿವೆ. ಇಷ್ಟು ಕಾಲ ಅವು ಉಳಿದದ್ದು ಹೇಗೆ? ಅಲ್ಲಿಗೆ ಮಳೆ ತಲುಪದೆ ಇದ್ದದ್ದರಿಂದ.

ಇಲ್ಲಿ ಒಂದು ಮಾತು ಗಮನಿಸಿ. ಬಯಲಿನ ಗುಂಡಿಗೆ ಹಚ್ಚಿದ ಬಿಳಿ ಪುಡಿ ಮಳೆಗಾಲದಲ್ಲಿ ತೊಳೆದು ಹೋಗುತ್ತದೆ. ಒಣ ಗವಿಯಲ್ಲಿ ಹಚ್ಚಿದ್ದು ಹೋಗುವುದಿಲ್ಲ. ಚಿತ್ರವನ್ನು ಉಳಿಸಿದ ಒಣಗೇ ಕಲೆಯನ್ನೂ ಉಳಿಸುತ್ತದೆ. ಮಳೆಗಾಲದ ಬಂಡೆ ಹತ್ತುವವರು ಹುಡುಕುವುದು ಇಂಥ ಜಾಗವನ್ನೇ ಆದ್ದರಿಂದ ಚಳಿಗಾಲದವರಿಗಿಂತ ಇವರಿಂದ ಆಗಬಹುದಾದ ಹಾನಿ ದೊಡ್ಡದು.

ಬಾದಾಮಿಗೆ ಇನ್ನೊಂದು ಎಚ್ಚರಿಕೆ ಬೇಕು. ಹಂಪಿಯದು ಕಣಶಿಲೆ, ಅಂದರೆ ಗ್ರಾನೈಟ್. ನೀರು ಕುಡಿಯುವುದು ಬಹಳ ಕಡಿಮೆ, ಮೇಲ್ಮೈ ಆರಿದರೆ ಸಾಕು. ಬಾದಾಮಿಯದು ಮರಳುಗಲ್ಲು. ಮರಳುಗಲ್ಲು ಒಳಗೆ ನೀರು ಹೀರಿಕೊಳ್ಳುತ್ತದೆ, ನೆಂದಾಗ ಅದರ ಬಲ ಕುಗ್ಗುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರಬಹುದು. ಹಿಡಿದ ಚೂರು ಕಿತ್ತು ಕೈಗೇ ಬಂದರೆ ಹತ್ತುವವನೂ ಬಿದ್ದ, ಬಂಡೆಯೂ ಹಾಳಾಯಿತು. ಫ್ರಾನ್ಸಿನ ಪ್ಯಾರಿಸ್ ಹತ್ತಿರ ಫಾಂಟೆನ್‌ಬ್ಲೋ ಎಂಬ ಕಾಡಿದೆ, ಈ ಆಟಕ್ಕೆ ಬಲು ಹೆಸರಾದ ಜಾಗ. ಅಲ್ಲಿಯದೂ ಮರಳುಗಲ್ಲೇ. ಹಸಿ ಬಂಡೆ ಹತ್ತಬಾರದು ಎಂಬುದು ಅಲ್ಲಿನವರು ಹೊಸಬರಿಗೆ ಹೇಳುವ ಮೊದಲ ಪಾಠಗಳಲ್ಲಿ ಒಂದು. ಮಳೆ ನಿಂತ ಮೇಲೂ ಒಂದೆರಡು ದಿನ ಬಿಡುವುದು ಬಾದಾಮಿಯಲ್ಲೂ ರೂಢಿಯಾಗಬೇಕು.

ಹಾಗಾದರೆ ಏನು ಮಾಡೋಣ? ಊರಲ್ಲಿ ಎರಡು ಮಾತು ಕೇಳಿದ್ದೇನೆ.

ಒಂದು: "ಗವಿಯ ಗುಟ್ಟು ಹೊರಗಿನವರಿಗೆ ಹೇಳಲೇಬಾರದು." ಇದರ ಹಿಂದಿನ ಕಾಳಜಿ ನಿಜ. ಆದರೆ ಈಗ ಗುಟ್ಟು ನಿಲ್ಲುವುದಿಲ್ಲ. ಒಬ್ಬ ಫೋಟೋ ಹಾಕಿ ಲೊಕೇಶನ್ ಕಳಿಸಿದರೆ ಮುಗಿಯಿತು. ನಾವು ಹೇಳದಿದ್ದರೆ ಅವರು ಹುಡುಕಿಕೊಂಡು ಬರುತ್ತಾರೆ, ಯಾವ ಷರತ್ತೂ ಇಲ್ಲದೆ ಬರುತ್ತಾರೆ.

ಇನ್ನೊಂದು: "ಕಟ್ಟುಪಾಡು ಹಾಕಿದರೆ ಪ್ರವಾಸಿಗರು ಬರುವುದಿಲ್ಲ, ಹೋಮ್‌ಸ್ಟೇ, ಆಟೋದವರ ಹೊಟ್ಟೆ ಮೇಲೆ ಹೊಡೆದ ಹಾಗೆ." ಈ ಭಯವೂ ಸುಳ್ಳಲ್ಲ. ಅದಕ್ಕೆ ದೂರದ ಒಂದು ಉದಾಹರಣೆ ಕೊಡುತ್ತೇನೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಹ್ವೇಕೊ ಟ್ಯಾಂಕ್ಸ್ ಎಂಬ ಬಂಡೆಗಳ ಜಾಗವಿದೆ. ಹ್ವೇಕೊ ಎಂದರೆ ಸ್ಪ್ಯಾನಿಷ್ ಮಾತಿನಲ್ಲಿ ಗುಳಿ. ಮಳೆನೀರು ನಿಲ್ಲುವ ಬಂಡೆಗುಳಿಗಳಿಂದ ಬಂದ ಹೆಸರು. ನಾವು ದೊಣೆ ಅನ್ನುತ್ತೇವಲ್ಲ, ಅದೇ. ಅಲ್ಲಿಯೂ ಬಂಡೆಯಡಿಯಲ್ಲಿ ಹಳೆಯ ಜನರು ಬರೆದ ಮುಖವಾಡದ ಚಿತ್ರಗಳಿವೆ, ಅಲ್ಲಿಯೂ ಗಾದಿ ಹೊತ್ತವರು ಬರುತ್ತಾರೆ. ಅಲ್ಲಿನ ಸರ್ಕಾರ ಒಂದು ಗುಡ್ಡಕ್ಕೆ ಮಾತ್ರ ಮಾರ್ಗದರ್ಶಕರಿಲ್ಲದೆ ಹೋಗಲು ಬಿಡುತ್ತದೆ, ಅದೂ ಒಂದು ಹೊತ್ತಿಗೆ 70 ಜನರಿಗೆ. ಉಳಿದ ಕಡೆ ಮಾರ್ಗದರ್ಶಕರ ಜೊತೆಗೇ ಹೋಗಬೇಕು. ಮೊದಲ ಸಲ ಬಂದವರು ನಿಯಮ ತಿಳಿಸುವ ವಿಡಿಯೋ ನೋಡಿಯೇ ಒಳಗೆ ಕಾಲಿಡಬೇಕು. ಜನ ಬರುವುದು ನಿಂತಿಲ್ಲ, ಮುಂಚೆಯೇ ಹೆಸರು ಬರೆಸಿ ಬರುತ್ತಾರೆ. ಮಾರ್ಗದರ್ಶಕರಿಗೆ ಕೆಲಸವೂ ಸಿಕ್ಕಿದೆ.

ನಮಗೆ ಅಷ್ಟು ದೊಡ್ಡ ವ್ಯವಸ್ಥೆ ನಾಳೆಯೇ ಬೇಕಿಲ್ಲ. ಪ್ರತಿ ಊರಿನವರು, ಕುರಿಗಾಹಿಗಳನ್ನು ಮುಂದೆ ಕೂರಿಸಿಕೊಂಡು, ಮೂರು ಪಟ್ಟಿ ಮಾಡಿದರೆ ಸಾಕು. ಮಳೆಗಾಲದಲ್ಲಿ ಯಾರು ಬೇಕಾದರೂ ಹತ್ತಬಹುದಾದ ಬಂಡೆಗಳು ಮೊದಲನೇ ಪಟ್ಟಿ. ಹಿಂಡು ಇಲ್ಲದಾಗ, ಊರಿನವರನ್ನು ಕೇಳಿ, ಜೊತೆಗೆ ಒಬ್ಬರನ್ನು ಕರೆದುಕೊಂಡೇ ಹೋಗಬೇಕಾದವು ಎರಡನೇ ಪಟ್ಟಿ. ಚಿತ್ರ, ದೇವರು, ಜೇನು, ಕರಡಿ ಇರುವ, ಮುಟ್ಟಲೇಬಾರದ ಜಾಗಗಳು ಮೂರನೇ ಪಟ್ಟಿ. ಮೊದಲ ಎರಡನ್ನು ಚಹಾದಂಗಡಿ, ಹೋಮ್‌ಸ್ಟೇ ಗೋಡೆಗೆ ಅಂಟಿಸೋಣ. ಮೂರನೆಯದು ಗ್ರಾಮ ಪಂಚಾಯಿತಿಯಲ್ಲಿ ಇರಲಿ. ಜೊತೆಗೆ ಹೋಗುವವರಿಗೆ ದಿನದ ಕೂಲಿ ಮೊದಲೇ ಗೊತ್ತು ಮಾಡೋಣ. ದಾರಿ ತೋರಿಸುವ ಕೆಲಸಕ್ಕೆ ಕುರಿ ಕಾಯುವ ಮನೆಯವರಿಗೇ ಮೊದಲ ಹಕ್ಕು ಇರಬೇಕು, ಯಾಕೆಂದರೆ ಆ ತಿಳಿವಳಿಕೆ ಅವರದು.

ಬೇರೆಯವರಿಗೆ ಬುದ್ಧಿ ಹೇಳುವ ಮುಂಚೆ ನಮ್ಮನ್ನೂ ನೋಡಿಕೊಳ್ಳೋಣ. ಗವಿಗಳಲ್ಲಿ ಆಯಿಲ್ ಪೇಂಟಿನಲ್ಲಿ ಹೃದಯ ಬರೆದು ಹೆಸರು ಕೊರೆದವರು ಪರದೇಶದವರಲ್ಲ, ನಮ್ಮ ಹುಡುಗರು. ಚಿತ್ರ ಚೆನ್ನಾಗಿ ಕಾಣಲಿ ಎಂದು ಬಾಟಲಿ ನೀರು ಎರಚಿ ಫೋಟೋ ತೆಗೆಯುವವರೂ ನಮ್ಮವರೇ. ಮಳೆ ಮಾಡದ ಕೆಡುಕನ್ನು ಆ ಬಾಟಲಿ ಮಾಡುತ್ತದೆ. ಕೇಂದ್ರ ಸರ್ಕಾರದ ರಕ್ಷಿತ ಸ್ಮಾರಕ ಕೆಡಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು ಕಾನೂನಿದೆ. ಆದರೆ ರಕ್ಷಿತ ಪಟ್ಟಿಗೆ ಸೇರದ ಗವಿಗಳಿಗೆ ಈ ಕಾನೂನಿನ ಕಾವಲಿಲ್ಲ. ಅವಕ್ಕೆ ಇರುವ ಕಾವಲು ಊರಿನ ಕಣ್ಣು ಮಾತ್ರ.

ಕೊನೆಯದಾಗಿ, ಗಾದಿಯವರಿಗೂ ಕುರಿಗಾಹಿಗಳಿಗೂ ಸೇರಿದ ಒಂದು ಮಾತು. ಚಾಚುಬಂಡೆ ಮಳೆಯಿಂದ ಕಾಪಾಡುತ್ತದೆ, ಸಿಡಿಲಿನಿಂದ ಅಲ್ಲ. ಬಂಡೆಗೆ ಬಡಿದ ಸಿಡಿಲು ಅದರ ಮೈಮೇಲೆ ಹರಿದು, ಗವಿಯ ಬಾಯಲ್ಲಿ ನಿಂತವರ ಮೇಲೆ ಜಿಗಿಯಬಹುದು. ಗುಡುಗು ಕೇಳಿಸಿದ ಕೂಡಲೇ ಗುಡ್ಡ ಇಳಿದು ಗಟ್ಟಿ ಮನೆಯೊಳಗೆ ಅಥವಾ ಮುಚ್ಚಿದ ವಾಹನದೊಳಗೆ ಸೇರಬೇಕು. ಸಿಡಿಲಿನ ಮುನ್ಸೂಚನೆ ಕೊಡುವ ದಾಮಿನಿ ಆ್ಯಪ್ ಪುಣೆಯ ಹವಾಮಾನ ಸಂಸ್ಥೆ ಮಾಡಿರುವುದು, ದುಡ್ಡಿಲ್ಲದೆ ಸಿಗುತ್ತದೆ. ಫೋನಿನಲ್ಲಿ ಹಾಕಿಕೊಳ್ಳಿ, ಮನೆಯಲ್ಲಿ ಕುರಿ ಕಾಯುವವರಿದ್ದರೆ ಅವರ ಫೋನಿಗೂ ಹಾಕಿಕೊಡಿ.

ಆ ದಿನ ಮಧ್ಯಾಹ್ನ ಅದೇ ಚಹಾದಂಗಡಿಗೆ ಹುಡುಗರು ವಾಪಸ್ ಬಂದರು. ಒಣ ಬಂಡೆ ಸಿಕ್ಕಿತ್ತಂತೆ, ಆದರೆ ಅದರ ತುಂಬ ಕುರಿ ನಿಂತಿದ್ದವಂತೆ. "ಮತ್ತೇನು ಮಾಡಿದಿರಿ?" ಎಂದೆ. ಒಬ್ಬ ಹೇಳಿದ: "ಅಜ್ಜಾರು ಒಂದು ಮೂಲೆ ಬಿಟ್ಟುಕೊಟ್ಟರು. ಗಾದಿ ಮೇಲೆ ಮರಿ ಮಲಗಿಸಿಕೊಂಡು ಕೂತಿದ್ವಿ. ಮಳೆ ನಿಂತ ಮೇಲೆ ಬೇರೆ ಬಂಡೆ ಅವರೇ ತೋರಿಸಿದರು."

ಕೇಳಿದವರಿಗೆ ಅಜ್ಜ ಜಾಗ ಕೊಟ್ಟರು. ನಾವು ಹಾಕಬೇಕಾದ ಮೊದಲ ಷರತ್ತೂ ಅದೇ: ಕೇಳಿ ಬನ್ನಿ.