ಮಗು ಅಳಬೇಕಿಲ್ಲ, ಮುದುಕರು ಅಳಲೇಬೇಕು!

ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಎಂಟು ವರ್ಷದ ಹುಡುಗನೊಬ್ಬ ದಿಕ್ಕಿಲ್ಲದೆ ಕೂತಿದ್ದಾನೆ ಅನ್ನಿ. ಪಕ್ಕದಲ್ಲೇ ಎಪ್ಪತ್ತರ ಅಜ್ಜಿ. ಕೂರಿಸಿ ಹೋದ ಮಗ ತಿರುಗಿ ಬಂದಿಲ್ಲ. ಇಬ್ಬರಿಗೂ ಕಾನೂನಿನ ಆಸರೆ ಉಂಟು. ಆದರೆ ಅದು ಇಬ್ಬರ ಬಳಿಗೂ ಒಂದೇ ದಾರಿಯಲ್ಲಿ ಬರುವುದಿಲ್ಲ.

2015ರ ಬಾಲನ್ಯಾಯ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಕಂಡವರು 1098ಕ್ಕೆ ಫೋನ್ ಮಾಡಿದರಾಯ್ತು. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಮಗುವಿನ ಮಾತನ್ನೂ ಕೇಳುತ್ತದೆ. ಆದರೆ ಮನೆಗೋ, ಬಾಲಮಂದಿರಕ್ಕೋ ಎಂಬ ತೀರ್ಮಾನ ಸಮಿತಿಯದೇ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವರಿಗೆ 2012ರ ಪೋಕ್ಸೊ ಕಾಯ್ದೆಯಲ್ಲಿ ಆರು ತಿಂಗಳವರೆಗೆ ಜೈಲೂ ಆಗಬಹುದು.

ಅಜ್ಜಿಯ ವಿಷಯ ಹಾಗಲ್ಲ. ಆಕೆ 'ಬೇಡಪ್ಪಾ' ಅಂದರೆ ಬಲವಂತವಾಗಿ ವೃದ್ಧಾಶ್ರಮಕ್ಕೆ ಸೇರಿಸುವಂತಿಲ್ಲ. ಅದು ಸರಿಯೇ. ವಯಸ್ಸಾಯಿತೆಂದು ತನ್ನ ಬಾಳಿನ ಬಗ್ಗೆ ತಾನೇ ತೀರ್ಮಾನಿಸುವ ಹಕ್ಕು ಹೋಗುತ್ತದೆಯೇ? 2007ರ ಹಿರಿಯ ನಾಗರಿಕರ ಕಾಯ್ದೆಯಂತೆ ಅರ್ಜಿ ಕೊಟ್ಟರೆ ಎ.ಸಿ. ಅವರ ನ್ಯಾಯಮಂಡಳಿ ಮಕ್ಕಳಿಂದ ತಿಂಗಳಿಗೆ 10,000 ರೂ.ವರೆಗೆ ಜೀವನಾಂಶ ಕೊಡಿಸುತ್ತದೆ. ಬೇಕೆಂದೇ ಬಿಟ್ಟುಹೋದ ಮಗನಿಗೆ ಮೂರು ತಿಂಗಳವರೆಗೆ ಜೈಲು ಆಗಬಹುದು. ಮಂಡಳಿ ತಾನಾಗಿಯೇ ಕೇಸು ಕೈಗೆತ್ತಿಕೊಳ್ಳಲೂಬಹುದು. ಆದರೆ ಅದು 'ಬಹುದು' ಅಷ್ಟೇ. ನೆರೆಯವರು ತಿಳಿಸಲೇಬೇಕೆಂಬ ಕಟ್ಟುಪಾಡೂ ಇಲ್ಲ.

ಅಳದ ಮಗುವಿಗೆ ತಾಯಿಯೂ ಹಾಲು ಕೊಡಳು ಎನ್ನುವುದು ಗಾದೆ. ಕಾನೂನು ಅದನ್ನು ತಿರುಗಿಸಿ ಹಾಕಿದೆ. ಮಗು ಅಳದಿದ್ದರೂ ಬರುತ್ತದೆ, ಮುದುಕರು ಅಳುವವರೆಗೆ ಕಾಯುತ್ತದೆ. ಆದರೆ ಯಾವ ತಾಯಿ ಹೆತ್ತ ಮಗನ ಮೇಲೆ ಎ.ಸಿ. ಆಫೀಸಿನ ಮೆಟ್ಟಿಲು ಹತ್ತುತ್ತಾಳೆ? ಗುಟ್ಟಾಗಿ ಅತ್ತು ಸುಮ್ಮನಾಗುವವರೇ ಹೆಚ್ಚು.

ಇವರಿಬ್ಬರ ನಡುವೆ ಇನ್ನೊಬ್ಬರಿದ್ದಾರೆ: ಮೈ ಬೆಳೆದರೂ ಬುದ್ಧಿ ಬೆಳೆಯದವರು. 18 ದಾಟಿದ ಮೇಲೆ ಅವರನ್ನು ಹೊಸದಾಗಿ ಮಕ್ಕಳ ಸಮಿತಿಯ ಮುಂದೆ ಒಯ್ಯುವಂತಿಲ್ಲ. ಅರವತ್ತಾಗದೆ ಹಿರಿಯರ ಕಾಯ್ದೆಯೂ ಇಲ್ಲ. ತಮ್ಮ ಕಷ್ಟ ಹೇಳಿಕೊಳ್ಳಲೂ ಬಾರದು. ಇಂಥವರನ್ನು ಯಾರಾದರೂ ಹಿಂಸಿಸುತ್ತಿದ್ದರೆ ಕಂಡವರು ಯಾರೇ ಆಗಲಿ ತಹಸೀಲ್ದಾರರಿಗೆ ತಿಳಿಸಲು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅವಕಾಶ ಕೊಟ್ಟಿದೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಡಿ.ಸಿ. ನೇತೃತ್ವದ ಸಮಿತಿ ಇವರಿಗೆ ಪೋಷಕರನ್ನು ನೇಮಿಸುತ್ತದೆ. ತಂದೆತಾಯಿ ಗಟ್ಟಿಯಾಗಿರುವಾಗಲೇ ಈ ಅರ್ಜಿ ಹಾಕುವುದು ಜಾಣತನ.

ಅಂದಮೇಲೆ ದೊಡ್ಡವರ ವಿಷಯದಲ್ಲಿ ನೋಡಿದವರ ನಾಲಗೆಯೇ ಮುಖ್ಯ. ಹಿರಿಯರಿಗಾಗಿ 14567 ಎಂಬ ಸಹಾಯವಾಣಿ ಇದೆ. ಅಂಗಡಿಯವರು 1098ರ ಪಕ್ಕದಲ್ಲೇ ಅದನ್ನೂ ಗೋಡೆಗೆ ಬರೆದಿಟ್ಟರೆ ನಷ್ಟವೇನಿಲ್ಲ. ಮಕ್ಕಳ ಹೆಸರಿಗೆ ದಾನಪತ್ರ ಮಾಡಿಕೊಡುವ ಹಿರಿಯರಿಗೂ ಒಂದು ಮಾತು: 'ನೋಡಿಕೊಳ್ಳಬೇಕು' ಎಂಬ ಷರತ್ತು ಪತ್ರದಲ್ಲೇ ಇರಲಿ. ಮಗ ತಪ್ಪಿದರೆ ಅದೇ ಕಾಯ್ದೆಯಡಿ ಪತ್ರ ರದ್ದು ಮಾಡಿಸಬಹುದು. ಬಾಯಿಮಾತು ನಂಬಿ ಸಹಿ ಹಾಕಿದರೆ ಆಮೇಲೆ ಅಲೆದಾಟವೇ ಗತಿ.